ಕಡಲು ಕಾಣದ ಮಕ್ಕಳಿಗೆ ಚಂಡಮಾರುತದ ಪಾಠ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಊರೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಚಂಡಮಾರುತದ ಪಾಠ ಬಂದಾಗ ಅಮೆರಿಕದ ಹರಿಕೇನ್‌ಗಳ ವಿಡಿಯೋ ತೋರಿಸುತ್ತೇನೆ. ಮಕ್ಕಳು ಬೆರಗಿನಿಂದ ನೋಡುತ್ತಾರೆ, ಆದರೆ ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲವಾದ್ದರಿಂದ ಪಾಠ ಅಲ್ಲಿಗೇ ನಿಲ್ಲುತ್ತದೆ. ಹವಾಮಾನ ಬದಲಾವಣೆಯನ್ನೂ ಇದರ ಜೊತೆಗೆ ಹೇಳಬೇಕೆಂದಾಗ ಇನ್ನಷ್ಟು ತೊಡಕು. ಕೆಲವರು ಹೆದರುತ್ತಾರೆ, ಕೆಲವರು ಪ್ರತಿಯೊಂದು ಮಳೆಗೂ ಅದೇ ಕಾರಣ ಎಂದು ಬರೆಯುತ್ತಾರೆ. ಈ ಎರಡನ್ನೂ ಹೇಗೆ ಕಲಿಸಬೇಕು? ಆ ವಿಡಿಯೋ ತೋರಿಸುವುದನ್ನು ಬಿಡಬೇಕೇ?

ಉತ್ತರ: ನಿಮ್ಮ ಮಕ್ಕಳು ಸಮುದ್ರ ಕಂಡಿಲ್ಲ, ನಿಜ. ಆದರೆ ಸಮುದ್ರದಿಂದ ಎದ್ದ ಒಂದು ವ್ಯವಸ್ಥೆಯ ನೀರನ್ನು ಅವರಲ್ಲಿ ಅನೇಕರು ತಮ್ಮ ಊರಿನಲ್ಲೇ ಕಂಡಿದ್ದಾರೆ, ಕಾಣದಷ್ಟು ಚಿಕ್ಕವರಿದ್ದರೆ ಮನೆಯವರ ಬಾಯಿಂದ ಕೇಳಿದ್ದಾರೆ. 2020ರ ಅಕ್ಟೋಬರ್ ತಿಂಗಳ ಭೀಮಾ ಪ್ರವಾಹವನ್ನು ನೆನಪಿಸಿಕೊಳ್ಳಿ. ಅಫಜಲಪುರದಿಂದ ಯಾದಗಿರಿಯವರೆಗೆ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು, ಹೂವಿಗೆ ಬಂದಿದ್ದ ತೊಗರಿ ಮತ್ತು ಬಿಡಿಸಲು ಸಿದ್ಧವಿದ್ದ ಹತ್ತಿ ಹೊಲದಲ್ಲೇ ಕೊಳೆತಿದ್ದವು. ಆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದ ನಿಮ್ಮ ಪಾಠ ಆರಂಭವಾಗಲಿ ಎಂಬುದೇ ನನ್ನ ಮುಖ್ಯ ಸಲಹೆ. ಅಮೆರಿಕದ ಕರಾವಳಿಯಿಂದ ಆರಂಭಿಸಿ ಭೀಮೆಗೆ ಬರುವುದು ಕಷ್ಟ. ಭೀಮೆಯಿಂದ ಆರಂಭಿಸಿದರೆ ಬಂಗಾಳ ಕೊಲ್ಲಿಗೂ ಅಲ್ಲಿಂದ ಅಟ್ಲಾಂಟಿಕ್ ಸಾಗರಕ್ಕೂ ಮಕ್ಕಳು ತಾವಾಗಿಯೇ ನಡೆದು ಹೋಗುತ್ತಾರೆ.

ನಡೆದದ್ದು ಹೀಗೆ. ಬಂಗಾಳ ಕೊಲ್ಲಿಯಲ್ಲಿ ರೂಪುಗೊಂಡ ತೀವ್ರ ವಾಯುಭಾರ ಕುಸಿತವೊಂದು 2020ರ ಅಕ್ಟೋಬರ್ 13ರ ಬೆಳಿಗ್ಗೆ ಆಂಧ್ರದ ಕಾಕಿನಾಡ ಬಳಿ ದಡ ದಾಟಿತು. ಅಲ್ಲಿಂದ ಪಶ್ಚಿಮಕ್ಕೆ ಸರಿದು ತೆಲಂಗಾಣದ ಮೇಲೆ ಹಾದು, ಹೈದರಾಬಾದಿನಲ್ಲಿ ಒಂದೇ ದಿನದಲ್ಲಿ 190 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿ, ದುರ್ಬಲಗೊಳ್ಳುತ್ತಲೇ ನಮ್ಮ ಸೀಮೆಗೂ ಸೋಲಾಪುರದ ಕಡೆಗೂ ಬಂದು, ಕೊನೆಗೆ ಅರಬ್ಬಿ ಸಮುದ್ರಕ್ಕೆ ಇಳಿದು ಅಲ್ಲಿ ಮತ್ತೊಮ್ಮೆ ಬಲ ಪಡೆದುಕೊಂಡಿತು. ಮಕ್ಕಳಿಗೆ ಒಂದು ಗ್ರಾಫ್ ಹಾಳೆ ಕೊಟ್ಟು ನಾಲ್ಕು ಬಿಂದುಗಳನ್ನು ಗುರುತಿಸಲು ಹೇಳಿ: ಕಾಕಿನಾಡ, 17 ಡಿಗ್ರಿ ಉತ್ತರ ಅಕ್ಷಾಂಶ, 82.2 ಡಿಗ್ರಿ ಪೂರ್ವ ರೇಖಾಂಶ, ಹೈದರಾಬಾದ್, 17.4 ಮತ್ತು 78.5, ಕಲಬುರಗಿ, 17.3 ಮತ್ತು 76.8, ಸೋಲಾಪುರ, 17.7 ಮತ್ತು 75.9. ನಾಲ್ಕೂ ಊರುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುವುದನ್ನು ಕಂಡಾಗ ತರಗತಿಯಲ್ಲಿ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 106 ಕಿಲೋಮೀಟರ್ ಎಂದು ಹೇಳಿಬಿಟ್ಟರೆ, ಕಾಕಿನಾಡದಿಂದ ಕಲಬುರಗಿಗೆ ನೇರ ದೂರ 570 ಕಿಲೋಮೀಟರಿನ ಆಸುಪಾಸು ಎಂಬುದನ್ನು ಅವರೇ ಲೆಕ್ಕ ಹಾಕುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಆ ವ್ಯವಸ್ಥೆಗೆ ಹೆಸರೇ ಇರಲಿಲ್ಲ. ಭಾರತೀಯ ಹವಾಮಾನ ಇಲಾಖೆಯ ಶ್ರೇಣಿಯಲ್ಲಿ ಗಾಳಿಯ ವೇಗ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಅದು ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದ ಮೇಲಷ್ಟೇ ಅದು ಚಂಡಮಾರುತವಾಗಿ ಹೆಸರು ಪಡೆಯುತ್ತದೆ. ಈ ಶ್ರೇಣಿ ಅಳೆಯುವುದು ಗಾಳಿಯನ್ನು ಮಾತ್ರ, ಮಳೆಯನ್ನಲ್ಲ. ದಡ ದಾಟಿದ ಚಂಡಮಾರುತಕ್ಕೆ ಸಮುದ್ರದ ಆವಿಯ ಪೂರೈಕೆ ನಿಂತುಹೋಗುತ್ತದೆ, ನೆಲದ ಘರ್ಷಣೆಯೂ ಸೇರಿ ಗಾಳಿ ಬೇಗ ತಗ್ಗುತ್ತದೆ. ಆದರೆ ಅದು ಹೊತ್ತು ತಂದ ತೇವಾಂಶ ಎಲ್ಲೂ ಹೋಗುವುದಿಲ್ಲ, ಒಳನಾಡಿನ ಮೇಲೆ ಮಳೆಯಾಗಿ ಬೀಳುತ್ತದೆ. ಕಲಬುರಗಿ, ಬೀದರ, ಯಾದಗಿರಿಗಳಿಗೆ ಚಂಡಮಾರುತವೆಂದರೆ ಮುಖ್ಯವಾಗಿ ನೀರು. ‘ಇದು ನಮ್ಮ ಊರಿಗೆ ಬರುತ್ತದೆಯೇ’ ಎಂದು ಮಗು ಕೇಳಿದರೆ ಇಲ್ಲ ಎಂದು ಸಮಾಧಾನ ಹೇಳಬೇಡಿ. ಮರ ಬುಡಮೇಲು ಮಾಡುವ ಗಾಳಿ ಇಲ್ಲಿಗೆ ಬರುವ ಹೊತ್ತಿಗೆ ತನ್ನ ಬಲ ಕಳೆದುಕೊಂಡಿರುತ್ತದೆ, ಬಿರುಗಾಳಿ ದಡಕ್ಕೆ ನೂಕುವ ಸಮುದ್ರದ ಉಬ್ಬರ ಇಲ್ಲಿಗೆ ಬರಲಾರದು, ಆದರೆ ಮಳೆ ಬರುತ್ತದೆ ಎಂಬುದು ಪ್ರಾಮಾಣಿಕ ಉತ್ತರ.

ಅದೇ ಪ್ರವಾಹದಲ್ಲಿ ಮಳೆಯೊಂದೇ ಕಾರಣವಾಗಿರಲಿಲ್ಲ ಎಂಬುದನ್ನೂ ಸೇರಿಸಿ. ಮೇಲ್ಭಾಗದ ಮಹಾರಾಷ್ಟ್ರದಲ್ಲೂ ಮಳೆ ಜೋರಾಗಿದ್ದು, ಅಲ್ಲಿನ ಉಜನಿ ಜಲಾಶಯದಿಂದ ಭೀಮೆಗೆ ಅಪಾರ ನೀರು ಬಿಡಲಾಗಿತ್ತು. ಅದು ಸೊನ್ನ ಬ್ಯಾರೇಜ್ ದಾಟಿ ಕೆಳಗಿನ ತಾಲ್ಲೂಕುಗಳಿಗೆ ಬಂತು. ಮುಂಗಾರಿನ ಕೊನೆಗೆ ಜಲಾಶಯಗಳು ತುಂಬಿದ್ದಾಗ ದೊಡ್ಡ ಮಳೆ ಬಂದರೆ ಏನಾಗುತ್ತದೆ ಎಂಬುದು ಹತ್ತನೇ ತರಗತಿಯ ಮಕ್ಕಳಿಗೆ ಅರ್ಥವಾಗದ ವಿಷಯವೇನಲ್ಲ. ಈ ಹಲವು ಕಾರಣಗಳ ಹೆಣಿಗೆಯನ್ನು ಮೊದಲೇ ತೋರಿಸಿದರೆ, ಮುಂದೆ ಹವಾಮಾನ ಬದಲಾವಣೆಯ ಮಾತು ಬಂದಾಗ ಎಲ್ಲವನ್ನೂ ಒಂದೇ ಕಾರಣದ ತಲೆಗೆ ಕಟ್ಟುವ ಅಭ್ಯಾಸ ತಾನಾಗಿ ಕಡಿಮೆಯಾಗುತ್ತದೆ.

ಇನ್ನು ಚಂಡಮಾರುತ ಹುಟ್ಟುವ ಬಗೆ. ಸಮುದ್ರದ ಮೇಲ್ಮೈ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿರಬೇಕು, ಆ ಬಿಸಿ ಸುಮಾರು 50 ಮೀಟರ್ ಆಳದವರೆಗೂ ಇರಬೇಕು, ಮೇಲಿನ ಮತ್ತು ಕೆಳಗಿನ ಗಾಳಿಯ ವೇಗ, ದಿಕ್ಕುಗಳಲ್ಲಿ ಹೆಚ್ಚು ವ್ಯತ್ಯಾಸವಿರಬಾರದು, ಸಮಭಾಜಕ ವೃತ್ತದಿಂದ ಸುಮಾರು ಐದು ಡಿಗ್ರಿಯಾದರೂ ದೂರವಿರಬೇಕು ಎಂದು ಪುಸ್ತಕಗಳು ಹೇಳುತ್ತವೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ಆದರೆ ಬಿಸಿ ನೀರಿಗೂ ಬಿರುಗಾಳಿಗೂ ಏನು ಸಂಬಂಧ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಈ ಕೊಂಡಿಯೇ ಗುಪ್ತೋಷ್ಣ, ಅಂದರೆ ನೀರು ಆವಿಯಾಗುವಾಗ ಹೀರಿಕೊಂಡು, ಆವಿ ಮತ್ತೆ ನೀರಾಗುವಾಗ ಬಿಟ್ಟುಕೊಡುವ ಶಾಖ. ಇದಕ್ಕೆ ಸಮಯ ಕೊಡಿ. ಬೇರೆ ಯಾವುದನ್ನು ಬೇಗ ಮುಗಿಸಿದರೂ ಇದನ್ನು ಬೇಗ ಮುಗಿಸಬೇಡಿ.

ನಮ್ಮ ಬೇಸಿಗೆ ಈ ಪಾಠಕ್ಕೆ ಒಳ್ಳೆಯ ಪ್ರಯೋಗಾಲಯ. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ನೆರಳಿನಲ್ಲಿ ತೂಗುಹಾಕಿ. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿ ಸಣ್ಣ ಬಟ್ಟಲಿನ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಿ. ಒಣಗಾಳಿ ಬೀಸುವ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ಎರಡರ ನಡುವೆ ಹತ್ತು ಡಿಗ್ರಿಗೂ ಮೀರಿದ ಅಂತರ ಕಾಣುವುದು ಇಲ್ಲಿ ಸಾಮಾನ್ಯ. ಮಳೆಗಾಲದಲ್ಲಿ ಅದೇ ಪ್ರಯೋಗ ಮಾಡಿದರೆ ಅಂತರ ಒಂದೆರಡು ಡಿಗ್ರಿಗೆ ಇಳಿಯುವುದುಂಟು. ಆ ವ್ಯತ್ಯಾಸವನ್ನೂ ದಾಖಲಿಸಿಡಿ. ನಂತರ ಕೇಳಿ: ಒದ್ದೆ ಬಟ್ಟೆಯ ಉಷ್ಣತಾಮಾಪಕ ಕಳೆದುಕೊಂಡ ಶಾಖ ಎಲ್ಲಿ ಹೋಯಿತು? ಆವಿಯ ಜೊತೆ ಹೋಯಿತು. ಆ ಆವಿ ಮತ್ತೆ ನೀರಾಗುವಾಗ ಅಷ್ಟೇ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಸಮುದ್ರದ ಮೇಲೆ ಹೀರಿದ ಶಾಖ ಹತ್ತಾರು ಕಿಲೋಮೀಟರ್ ಅಗಲದ ಮೋಡಗಳ ಒಳಗೆ ಬಿಡುಗಡೆಯಾದಾಗ ಅಲ್ಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ತೇವಭರಿತ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ನುಗ್ಗಿದ ಗಾಳಿ ಇನ್ನಷ್ಟು ಆವಿಯನ್ನು ಹೊತ್ತು ತರುತ್ತದೆ. ಒಮ್ಮೆ ಆರಂಭವಾದ ಈ ಚಕ್ರವೇ ಚಂಡಮಾರುತ.

ಈ ಶಕ್ತಿ ಎಷ್ಟು ದೊಡ್ಡದು ಎಂಬುದನ್ನು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಲ್ಲಿಗೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆ ತೊಗರಿ ಹೊಲದ ಮೇಲೆ ಬಿದ್ದ ನೀರು ನಾಲ್ಕು ಲಕ್ಷ ಲೀಟರಿಗೂ ಹೆಚ್ಚು. ಒಂದು ಲೀಟರ್ ನೀರು ಆವಿಯಿಂದ ಹನಿಯಾಗುವಾಗ ಸುಮಾರು 24.5 ಲಕ್ಷ ಜೂಲ್ ಶಾಖ ಬಿಡುಗಡೆಯಾಗುತ್ತದೆ. ಗುಣಿಸಿ, ವಿದ್ಯುತ್ ಯೂನಿಟ್‌ಗೆ ಪರಿವರ್ತಿಸಿದರೆ ಬರುವ ಮೊತ್ತ ಸುಮಾರು 2 ಲಕ್ಷ 75 ಸಾವಿರ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಯೊಂದಕ್ಕೆ ಅದು 229 ವರ್ಷಗಳ ವಿದ್ಯುತ್ತಿಗೆ ಸಮ, ಅದೂ ಒಂದೇ ಎಕರೆಯ ಮಳೆಯಿಂದ. ಮಕ್ಕಳು ತಮ್ಮ ಮನೆಯ ವಿದ್ಯುತ್ ಬಿಲ್ ತಂದು ಈ ಲೆಕ್ಕವನ್ನು ತಾವೇ ಮಾಡಲಿ. ಚಂಡಮಾರುತದ ಬಲ ಎಲ್ಲಿಂದ ಬರುತ್ತದೆ ಎಂದು ಮತ್ತೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಗಾಳಿ ಸುತ್ತುವ ದಿಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಉತ್ತರಾರ್ಧಗೋಳದಲ್ಲಿ ಚಲಿಸುವ ಗಾಳಿ ತನ್ನ ಬಲಕ್ಕೆ ವಾಲುತ್ತದೆ ಎಂದು ಕಲಿಸುತ್ತೇವೆ, ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುತ್ತದೆ ಎಂದೂ ಕಲಿಸುತ್ತೇವೆ. ಬುದ್ಧಿವಂತ ಮಗುವಿಗೆ ಇವೆರಡೂ ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ರಟ್ಟಿನ ತಟ್ಟೆಯೊಂದನ್ನು ಗುಂಡುಸೂಜಿಯ ಮೇಲೆ ಅಪ್ರದಕ್ಷಿಣವಾಗಿ ತಿರುಗಿಸುತ್ತ, ನಡುವಿನಿಂದ ಅಂಚಿಗೆ ಸ್ಕೇಲ್ ಹಿಡಿದು ನೇರ ಗೆರೆ ಎಳೆಯಲು ಹೇಳಿ. ಗೆರೆ ಬಲಕ್ಕೆ ಬಾಗಿರುತ್ತದೆ. ನಂತರ ಕರಿಹಲಗೆಯ ಮೇಲೆ ಕಡಿಮೆ ಒತ್ತಡದ ಕೇಂದ್ರವನ್ನು ಗುರುತಿಸಿ, ನಾಲ್ಕೂ ದಿಕ್ಕಿನಿಂದ ಅದರತ್ತ ಹೊರಟ ಬಾಣಗಳನ್ನು ತುಸು ತುಸು ಬಲಕ್ಕೆ ವಾಲಿಸಿ ಬರೆಯಿರಿ. ಬಾಣಗಳು ಕೇಂದ್ರವನ್ನು ತಪ್ಪಿ, ಅದನ್ನು ತಮ್ಮ ಎಡಗಡೆಗೆ ಇಟ್ಟುಕೊಂಡು ಸುತ್ತತೊಡಗುತ್ತವೆ, ಅಂದರೆ ಅಪ್ರದಕ್ಷಿಣವಾಗಿ. ಬಚ್ಚಲಿನ ನೀರಿನ ಸುಳಿಯನ್ನು ಇದಕ್ಕೆ ಉದಾಹರಣೆಯಾಗಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಅಷ್ಟು ಸಣ್ಣ ಅಳತೆಯಲ್ಲಿ ಭೂಮಿಯ ತಿರುಗುವಿಕೆಯ ಪರಿಣಾಮ ಕಾಣಿಸುವುದಿಲ್ಲ.

ಈಗ ಹವಾಮಾನ ಬದಲಾವಣೆ. ಮೇಲಿನ ಪ್ರಯೋಗವನ್ನೂ ಲೆಕ್ಕವನ್ನೂ ಮಾಡಿದ ತರಗತಿಗೆ ಇದು ಹೊಸ ಪಾಠವಲ್ಲ, ಅದೇ ಪಾಠದ ಮುಂದಿನ ಹೆಜ್ಜೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿಯ ಪ್ರಮಾಣ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈ ಆಕ್ಸೈಡ್ ಈಗ 420ನ್ನು ದಾಟಿದೆ, 2011ರಿಂದ 2020ರ ದಶಕದ ಹೊತ್ತಿಗೆ ಭೂಮಿಯ ಸರಾಸರಿ ಉಷ್ಣತೆ 1.1 ಡಿಗ್ರಿ ಏರಿತ್ತು, ಆ ಹೆಚ್ಚುವರಿ ಶಾಖದ ಶೇ 90ಕ್ಕೂ ಮಿಕ್ಕ ಪಾಲನ್ನು ನುಂಗಿಕೊಂಡಿರುವುದು ಸಾಗರ. ಹಾಗಾಗಿ ನಾಲ್ಕು ಲಕ್ಷ ಲೀಟರಿನ ಆ ಎಕರೆಗೆ ಶೇ 7 ಸೇರಿಸಿ ನೋಡಲು ಹೇಳಿ. ಹೆಚ್ಚುವರಿ 28 ಸಾವಿರ ಲೀಟರ್ ಬರುತ್ತದೆ. ನಿಜವಾದ ಬಿರುಮಳೆಯಲ್ಲಿ ಈ ಹೆಚ್ಚಳ ಇಷ್ಟೇ ಇರಬೇಕೆಂದಿಲ್ಲ, ಗಾಳಿಯ ಚಲನೆಯನ್ನು ಅವಲಂಬಿಸಿ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಆದರೆ ಯಾವ ದಿಕ್ಕಿನಲ್ಲಿ ಬದಲಾವಣೆ ಆಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ನಿಮ್ಮ ಮಕ್ಕಳು ಪ್ರತಿಯೊಂದು ಮಳೆಗೂ ಹವಾಮಾನ ಬದಲಾವಣೆಯೇ ಕಾರಣ ಎಂದು ಬರೆಯುವುದಕ್ಕೆ ಅವರನ್ನು ದೂರುವಂತಿಲ್ಲ. ಟಿವಿಯಲ್ಲೂ ಭಾಷಣಗಳಲ್ಲೂ ಅವರು ಕೇಳುವುದು ಅದನ್ನೇ. ತಪ್ಪು ಇರುವುದು ಪ್ರಶ್ನೆಯಲ್ಲಿ. ‘ಈ ಚಂಡಮಾರುತಕ್ಕೆ ಹವಾಮಾನ ಬದಲಾವಣೆ ಕಾರಣವೇ’ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳು ಉಳಿಯುತ್ತವೆ, ಎರಡೂ ಸರಿಯಲ್ಲ. ಹೇರು ತುಂಬಿದ ಬಂಡಿಯ ಮೇಲೆ ಇನ್ನೊಂದು ಚೀಲ ಹಾಕಿದಾಗ ಅಚ್ಚು ಮುರಿದರೆ, ಮುರಿದದ್ದು ಆ ಒಂದೇ ಚೀಲದಿಂದ ಎನ್ನಲಾಗದು, ಅದರ ಭಾರ ಲೆಕ್ಕಕ್ಕಿಲ್ಲ ಎನ್ನಲೂ ಆಗದು. ಕೇಳಬೇಕಾದದ್ದು ‘ಬಿಸಿಯೇರಿದ ಸಾಗರ ಈ ಚಂಡಮಾರುತಕ್ಕೆ ಎಷ್ಟನ್ನು ಸೇರಿಸಿತು’ ಎಂಬುದನ್ನು. ವಿಜ್ಞಾನಿಗಳು ಇಂದು ಮಾಡುತ್ತಿರುವುದೂ ಅದನ್ನೇ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯವನ್ನು ಮುಳುಗಿಸಿದ ಹಾರ್ವಿ ಹರಿಕೇನ್‌ನ ಮಳೆಯನ್ನು ಅಧ್ಯಯನ ಮಾಡಿದ ಒಂದು ತಂಡ, ಮಾನವನಿಂದಾದ ತಾಪಮಾನ ಏರಿಕೆ ಆ ಮಳೆಯನ್ನು ಸುಮಾರು ಶೇ 15ರಷ್ಟು ಹೆಚ್ಚಿಸಿತ್ತು ಎಂದು ಅಂದಾಜು ಮಾಡಿತು. ಹಾರ್ವಿ ಹುಟ್ಟಿದ್ದೇ ಅದರಿಂದ ಎಂದು ಅವರು ಹೇಳಲಿಲ್ಲ.

ತರಗತಿಯಲ್ಲಿ ಹೇಳುವ ಪ್ರತಿ ಮಾತಿಗೂ ಅದರ ಖಚಿತತೆಯ ಮಟ್ಟವನ್ನು ಜೊತೆಗೇ ಹೇಳುವ ಅಭ್ಯಾಸ ಇಟ್ಟುಕೊಳ್ಳಿ. ಸಾಗರ ಬಿಸಿಯಾಗಿದೆ, 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಆದ್ದರಿಂದ ಅದೇ ಚಂಡಮಾರುತದ ಉಬ್ಬರ ಹಿಂದಿಗಿಂತ ಮೇಲಿನಿಂದ ಹೊರಡುತ್ತದೆ: ಇವು ಅಳೆದು ಕಂಡ ಸಂಗತಿಗಳು. ಕಳೆದ ನಾಲ್ಕು ದಶಕಗಳಲ್ಲಿ ಒಟ್ಟು ಚಂಡಮಾರುತಗಳ ಪೈಕಿ ಅತಿ ಬಲಶಾಲಿಯಾದವುಗಳ ಪಾಲು ಹೆಚ್ಚಿರುವ ಸಂಭವವಿದೆ ಎಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2021ರ ವರದಿಯಲ್ಲಿ ಹೇಳಿದೆ. ಚಂಡಮಾರುತಗಳ ಒಟ್ಟು ಸಂಖ್ಯೆ ಹೆಚ್ಚುತ್ತದೆ ಎಂದು ಮಾತ್ರ ಅದು ಹೇಳಿಲ್ಲ. ಜಗತ್ತಿನ ಮಟ್ಟದಲ್ಲಿ ಸಂಖ್ಯೆ ಹಾಗೆಯೇ ಉಳಿಯಬಹುದು ಅಥವಾ ತುಸು ಇಳಿಯಬಹುದು ಎಂಬುದು ಈಗಿನ ಅಂದಾಜು. ‘ಹವಾಮಾನ ಬದಲಾವಣೆಯಿಂದ ಚಂಡಮಾರುತಗಳ ಸಂಖ್ಯೆ ಹೆಚ್ಚುತ್ತಿದೆ’ ಎಂಬ ವಾಕ್ಯ ನೋಟ್ಸ್‌ಗಳಲ್ಲಿ ಸಲೀಸಾಗಿ ನುಸುಳುತ್ತದೆ. ಅದನ್ನು ತಿದ್ದಿಸಿ. ಅರಬ್ಬಿ ಸಮುದ್ರದ ಮಾತು ಸ್ವಲ್ಪ ಬೇರೆ. ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅಲ್ಲಿ ಚಂಡಮಾರುತಗಳು ಹಿಂದಿನಿಂದಲೂ ಕಡಿಮೆ, ಆದರೆ ಇತ್ತೀಚಿನ ದಶಕಗಳಲ್ಲಿ ಅಲ್ಲಿ ಏರಿಕೆ ದಾಖಲಾಗಿದೆ. 2019ರ ಕ್ಯಾರ್, ಕರ್ನಾಟಕದ ಕರಾವಳಿಯನ್ನೂ ಕಾಡಿದ 2021ರ ತೌಕ್ತೆ, 2023ರ ಬಿಪರ್‌ಜಾಯ್ ಮಕ್ಕಳಿಗೆ ಕೊಡಬಹುದಾದ ಉದಾಹರಣೆಗಳು.

ಜೊತೆಗೆ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಓಝೋನ್ ರಂಧ್ರ, ಪ್ಲಾಸ್ಟಿಕ್ ಕಸ, ವಾಹನದ ಹೊಗೆಯ ಮಸಿ, ಇವೆಲ್ಲ ಮಕ್ಕಳ ತಲೆಯಲ್ಲಿ ಹವಾಮಾನ ಬದಲಾವಣೆಯೊಂದಿಗೆ ಒಂದೇ ಗಂಟಾಗಿ ಕುಳಿತಿರುತ್ತವೆ. ಊರಲ್ಲಿ ಪ್ಲಾಸ್ಟಿಕ್ ಆಯ್ದರೆ ಚಂಡಮಾರುತ ತಗ್ಗುತ್ತದೆ ಎಂದು ನಂಬಿದ ಮಗುವಿಗೆ ಕಾರಣ-ಪರಿಣಾಮದ ಸರಪಳಿ ಸಿಕ್ಕಿಲ್ಲ ಎಂದೇ ಅರ್ಥ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಾಗ ಇಂಗಾಲದ ಡೈ ಆಕ್ಸೈಡ್, ಅದರಿಂದ ಹಿಡಿದಿಟ್ಟ ಶಾಖ, ಆ ಶಾಖದಿಂದ ಬಿಸಿಯಾದ ಸಾಗರ, ಅಲ್ಲಿಂದ ಹೆಚ್ಚಿದ ಆವಿ: ಈ ಕೊಂಡಿಗಳನ್ನು ಕ್ರಮವಾಗಿ ಹೇಳಬಲ್ಲವರಾದರೆ ಸಾಕು.

ಹೆದರುವ ಮಕ್ಕಳ ಬಗ್ಗೆ ಬರೆದಿದ್ದೀರಿ. ಅವರಲ್ಲಿ ಮನೆಗೆ ನೀರು ನುಗ್ಗಿದ ಅನುಭವ ಇರುವವರು ಇರಬಹುದು. ಅಂಥವರನ್ನು ಎಲ್ಲರ ಮುಂದೆ ಆ ಕಥೆ ಹೇಳಲು ಒತ್ತಾಯಿಸಬೇಡಿ. ಭಯವನ್ನು ಸಮಾಧಾನದ ಮಾತಿಗಿಂತ ಚೆನ್ನಾಗಿ ಕರಗಿಸುವುದು ಒಡಿಶಾದ ಇತಿಹಾಸ. 1999ರ ಅಕ್ಟೋಬರ್ 29ರಂದು ಪಾರಾದೀಪ್ ಬಳಿ ಅಪ್ಪಳಿಸಿದ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರ ಅಕ್ಟೋಬರ್ 12ರಂದು ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು, ಸತ್ತವರ ಸಂಖ್ಯೆ ಐವತ್ತರೊಳಗೆ ಉಳಿಯಿತು. 2019ರ ಮೇ 3ರಂದು ಪುರಿಯ ಬಳಿ ಬಂದ ಫೋನಿ ಒಡಿಶಾದಲ್ಲಿ 64 ಜೀವಗಳನ್ನು ಬಲಿ ತೆಗೆದುಕೊಂಡಿತು. ಒಂದೊಂದು ಜೀವವೂ ದೊಡ್ಡದೇ, ಆದರೂ ಹತ್ತು ಸಾವಿರಕ್ಕೂ ಅರವತ್ತನಾಲ್ಕಕ್ಕೂ ನಡುವಿನ ಅಂತರವನ್ನು ತಂದದ್ದು ಮುನ್ಸೂಚನೆ, ಆಶ್ರಯ ಕಟ್ಟಡಗಳು, ಮನೆಮನೆಗೆ ಹೋಗಿ ಕರೆದ ಜನ. ಬಿರುಗಾಳಿ ಬಲವಾಗಿಯೇ ಇತ್ತು, ಜನ ಸಿದ್ಧರಾಗಿದ್ದರು. ನಿಮ್ಮ ಊರಿನ ಮಟ್ಟಕ್ಕೆ ಇದನ್ನು ಇಳಿಸಿ: 2020ರ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ ಊರಿನ ನಕ್ಷೆಯಲ್ಲಿ ಗೆರೆ ಎಳೆಯಲಿ, ಬ್ಯಾರೇಜಿನಿಂದ ನೀರು ಬಿಡುವ ಸುದ್ದಿ ಊರಿಗೆ ಯಾರಿಂದ, ಹೇಗೆ ತಲುಪುತ್ತದೆ ಎಂದು ಪಂಚಾಯಿತಿಯಲ್ಲಿ ವಿಚಾರಿಸಲಿ. ನದಿಯ ಅಂಚಿಗೆ ಮಾತ್ರ ಮಕ್ಕಳನ್ನು ಒಬ್ಬೊಬ್ಬರಾಗಿ ಕಳಿಸಬೇಡಿ.

ಕೊನೆಯದಾಗಿ ನಿಮ್ಮ ವಿಡಿಯೋ. ಬಿಡುವ ಅಗತ್ಯವಿಲ್ಲ, ಆದರೆ ಅದನ್ನು ಮೊದಲ ಅವಧಿಯಿಂದ ಕೊನೆಯ ಅವಧಿಗೆ ಸರಿಸಿ. ಅಟ್ಲಾಂಟಿಕ್‌ನ ಹರಿಕೇನ್, ಪಶ್ಚಿಮ ಪೆಸಿಫಿಕ್‌ನ ಟೈಫೂನ್, ನಮ್ಮ ಚಂಡಮಾರುತ ಮೂರೂ ಒಂದೇ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಹಾರ್ವಿಯ ದೃಶ್ಯಗಳು ಸಿಕ್ಕರೆ ಅವನ್ನೇ ಆರಿಸಿಕೊಳ್ಳಿ. ಅದು ದಡ ಮುಟ್ಟಿದಾಗ ಐದು ಹಂತಗಳ ಶ್ರೇಣಿಯಲ್ಲಿ ನಾಲ್ಕನೆಯ ಹಂತದ ಹರಿಕೇನ್ ಆಗಿತ್ತು. ಹ್ಯೂಸ್ಟನ್ ನಗರವನ್ನು ಮುಳುಗಿಸಿದ ಮಳೆ ಬಿದ್ದದ್ದು ಮಾತ್ರ ಗಾಳಿ ತಗ್ಗಿ, ಅದು ಹರಿಕೇನ್ ಎಂಬ ಪಟ್ಟವನ್ನೂ ಕಳೆದುಕೊಂಡು, ಒಂದೇ ಪ್ರದೇಶದಲ್ಲಿ ದಿನಗಟ್ಟಲೆ ಸುಳಿದಾಡಿದಾಗ. ಟೆಕ್ಸಾಸ್‌ನ ಒಂದು ಕಡೆ ಕೆಲವೇ ದಿನಗಳಲ್ಲಿ 1,539 ಮಿಲಿಮೀಟರ್ ಮಳೆ ದಾಖಲಾಯಿತು, ಅಂದರೆ ಕಲಬುರಗಿಯ ಒಂದು ವರ್ಷದ ಸರಾಸರಿ ಮಳೆಯ ಸುಮಾರು ಎರಡು ಪಟ್ಟು. ವಿಡಿಯೋ ಹಾಕುವ ಮೊದಲು ಧ್ವನಿ ನಿಲ್ಲಿಸಿ, ವಿವರಣೆಯನ್ನು ಮಕ್ಕಳೇ ಕೊಡಲಿ: ಈ ನೀರು ಯಾವ ಸಮುದ್ರದಿಂದ ಬಂತು, ಗಾಳಿ ಏಕೆ ತಗ್ಗಿತು, ಮಳೆ ಏಕೆ ನಿಲ್ಲಲಿಲ್ಲ, ನಮ್ಮ ಭೀಮೆಯಲ್ಲಿ ನಡೆದದ್ದಕ್ಕೂ ಇದಕ್ಕೂ ಏನು ಹೋಲಿಕೆ, ಏನು ವ್ಯತ್ಯಾಸ. ಘಟಕ ಪರೀಕ್ಷೆಗೂ ಇದೇ ನಾಲ್ಕು ಪ್ರಶ್ನೆಗಳನ್ನು ಬಳಸಬಹುದು.